ಲಾಭ ಬಂದರೂ ನಿಲ್ಲದ ಷೇರು ಟ್ರೇಡಿಂಗ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಅವರನ್ನು ಕರೆದುಕೊಂಡು ಬಂದಿದ್ದು ಹೆಂಡತಿ. 36 ವರ್ಷ, ಒಳ್ಳೆ ಕೆಲಸ, ಕುಡಿತವಿಲ್ಲ, ಸಿಗರೇಟಿಲ್ಲ. ಕೂತವರೇ ಫೋನನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡರು. ಹತ್ತು ನಿಮಿಷದಲ್ಲಿ ನಾಲ್ಕು ಸಲ ಎತ್ತಿ ನೋಡಿದರು. ಅವತ್ತು ಭಾನುವಾರ, ಮಾರುಕಟ್ಟೆಗೆ ರಜೆ.

"ಇದು ಜೂಜಲ್ಲ ಮೇಡಂ. ಓದ್ಕೊಂಡು, ಚಾರ್ಟ್ ನೋಡ್ಕೊಂಡೇ ಮಾಡ್ತೀನಿ. ಒಂದೇ ಒಂದು ಒಳ್ಳೆ ಟ್ರೇಡ್ ಸಿಕ್ಕಿದ್ರೆ ಹೋಗಿದ್ದೆಲ್ಲ ವಾಪಸ್ ಬರುತ್ತೆ."

ಈ ಕೊನೆಯ ಮಾತನ್ನು ಇಸ್ಪೀಟಿಗೆ ಮನೆ ಕಳೆದುಕೊಂಡವರ ಬಾಯಲ್ಲೂ ಕೇಳಿದ್ದೇನೆ.

ಷೇರು ಜೂಜೋ ಅಲ್ಲವೋ ಅಂತ ನಾನು ವಾದಕ್ಕೆ ಇಳಿಯಲಿಲ್ಲ. ಷೇರು ಕೊಂಡು ವರ್ಷಗಟ್ಟಲೆ ಸುಮ್ನೆ ಇಟ್ಟುಕೊಂಡು ನೆಮ್ಮದಿಯಾಗಿರುವವರು ಬೇಕಾದಷ್ಟು ಜನ ಇದ್ದಾರೆ. ನಾನು ಕೇಳಿದ್ದು ಬೇರೆ: "ಕೊನೇ ಸಲ ದೊಡ್ಡ ಲಾಭ ಬಂತಲ್ಲ, ಆ ದುಡ್ಡು ಏನಾಯ್ತು?" ಬಹಳ ಹೊತ್ತು ಉತ್ತರವಿಲ್ಲ. ಎರಡು ವರ್ಷದಲ್ಲಿ ಒಂದು ಸಲವೂ ಲಾಭವನ್ನು ಬ್ಯಾಂಕ್ ಖಾತೆಗೆ ತಂದುಕೊಂಡಿರಲಿಲ್ಲ. ಬಂದಿದ್ದೆಲ್ಲ ಮಾರನೇ ದಿನದ ಟ್ರೇಡಿಗೆ. ಗೆದ್ದರೂ ಆಟ, ಸೋತರೂ ಆಟ. ನನ್ನ ಮಟ್ಟಿಗೆ ನಷ್ಟದ ಮೊತ್ತಕ್ಕಿಂತ ಇದು ದೊಡ್ಡ ಸುಳಿವು.

ಅವರು ಹಿಡಿದ ದಾರಿ ಇದು: ಮೊದಲು ಷೇರು, ಆಮೇಲೆ ಇಂಟ್ರಾಡೇ, ಅಂದರೆ ಕೊಂಡಿದ್ದನ್ನು ಅದೇ ದಿನ ಮಾರುವುದು, ಕೊನೆಗೆ ಆಪ್ಷನ್ಸ್, ಅಂದರೆ ಬೆಲೆ ಏರುತ್ತದೋ ಇಳಿಯುತ್ತದೋ ಅನ್ನುವುದರ ಮೇಲೆ ದುಡ್ಡು ಹಾಕುವ ಒಪ್ಪಂದಗಳು. ಅಲ್ಲಿ ಫಲಿತಾಂಶ ನಿಮಿಷಗಳಲ್ಲಿ ಬರುತ್ತದೆ. ಗೆಲುವು ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದೇ ಇರುವುದೇ ಮನಸ್ಸನ್ನು ಕಟ್ಟಿಹಾಕುವುದು. ದಿನಾ ಗೆಲ್ಲುವ ಹಾಗಿದ್ದರೆ ಇಷ್ಟು ಸೆಳೆತ ಇರುತ್ತಿರಲಿಲ್ಲ.

ಅಮೆರಿಕದ ಮನೋವೈದ್ಯರ ಸಂಘ ಮಾನಸಿಕ ಕಾಯಿಲೆಗಳನ್ನು ಗುರುತಿಸಲು 2013ರಲ್ಲಿ ತಂದ ಡಿಎಸ್‌ಎಂ-5 ಕೈಪಿಡಿ ಜೂಜಿನ ಚಟವನ್ನು ಮದ್ಯ, ಮಾದಕ ವಸ್ತುಗಳ ಚಟದ ಅಧ್ಯಾಯಕ್ಕೇ ಸೇರಿಸಿತು. ಅದರಲ್ಲಿ 9 ಲಕ್ಷಣಗಳಿವೆ. 12 ತಿಂಗಳೊಳಗೆ 4 ಕಂಡರೂ ಚಟವೆಂದೇ ಲೆಕ್ಕ. ಪಟ್ಟಿಯನ್ನು ಅವರ ಕೈಗೇ ಕೊಟ್ಟೆ. ಮೊತ್ತ ಏರಿಸುತ್ತಾ ಹೋಗುವುದು, ನಿಲ್ಲಿಸಿದರೆ ಚಡಪಡಿಕೆ, ಬಿಡಲು ನೋಡಿ ಸೋತಿದ್ದು, ಹೋದ ದುಡ್ಡಿನ ಬೆನ್ನು ಹತ್ತುವುದು. ಬೇಗ ಬೇಗ ಗುರುತು ಹಾಕುತ್ತಾ ಬಂದರು. 7ನೆಯದರ ಹತ್ತಿರ ಪೆನ್ನು ನಿಂತಿತು. ಎಷ್ಟು ಆಡುತ್ತಿದ್ದೇನೆ ಅನ್ನುವುದನ್ನು ಮುಚ್ಚಿಡಲು ಸುಳ್ಳು ಹೇಳುವುದು. ಪಕ್ಕದಲ್ಲಿ ಹೆಂಡತಿ ಕೂತಿದ್ದರು. "ಸ್ನೇಹಿತನ ಆಪರೇಷನ್‌ಗೆ ಅಂತ ತಗೊಂಡಿದ್ದ ಸಾಲ..." ಅಂದರು. ಮುಂದೆ ಮಾತು ಬರಲಿಲ್ಲ. ಗುರುತು ಮಾತ್ರ ಹಾಕಿದರು.

ಸಾಯುವ ಯೋಚನೆ ಬಂದಿತ್ತಾ ಅಂತ ನೇರವಾಗಿ ಕೇಳಿದೆ. ಬಂದಿತ್ತು. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಅನ್ನುವ ಭಯ ಬೇಡ, ಹಾಗೆ ಆಗುವುದಿಲ್ಲ. ಜೂಜಿನ ಚಟದಲ್ಲಿ ಈ ಅಪಾಯ ಜಾಸ್ತಿ. ಮನೆಯವರು ದಯವಿಟ್ಟು ಕೇಳಿ. ಮಾರನೇ ದಿನವೇ ಅವರನ್ನು ಮನೋವೈದ್ಯರ ಹತ್ತಿರ ಕಳಿಸಿದೆ.

ಉಳಿದಂತೆ ನಾನು ಹೇಳಿದ್ದು ಇಷ್ಟು. ಆಪ್ ತೆಗೆದರೆ ಸಾಲದು, ಟ್ರೇಡಿಂಗ್ ಖಾತೆಯನ್ನೇ ಮುಚ್ಚಿಸಿ. ಸಂಬಳ ಸ್ವಲ್ಪ ಕಾಲ ಹೆಂಡತಿಯ ಕೈಯಲ್ಲಿರಲಿ. ಇದು ಶಿಕ್ಷೆಯಲ್ಲ, ಮುರಿದ ಕಾಲಿಗೆ ಕಟ್ಟು ಹಾಕಿದ ಹಾಗೆ. ಎಲ್ಲ ಸಾಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ, ಸಣ್ಣದನ್ನೂ ಬಿಡಬೇಡಿ. ಮನೆಯವರು ಒಂದೇ ಏಟಿಗೆ ಅದನ್ನೆಲ್ಲ ತೀರಿಸಬೇಡಿ. ಹೊರೆ ಇಳಿದ ತಕ್ಷಣ ಆಟ ಮತ್ತೆ ಶುರುವಾಗಿದ್ದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕಂತು ಕಟ್ಟಿ ಅವರೇ ತೀರಿಸಲಿ, ನೀವು ಜೊತೆಗಿರಿ. ಆಸೆ ಎದ್ದಾಗ ಅರ್ಧ ಗಂಟೆ ಫೋನ್ ಬಿಟ್ಟು ನಡೆಯಿರಿ. ಅದು ಅಲೆಯ ಹಾಗೆ, ಏರಿ ತಾನಾಗೇ ಇಳಿಯುತ್ತದೆ. ಬೆಲೆ ಹೇಳುವ ಚಾನೆಲ್ಲು, ಟಿಪ್ಸ್ ಗುಂಪು ಎಲ್ಲದರಿಂದಲೂ ಹೊರಬನ್ನಿ.

ವಾರಕ್ಕೊಮ್ಮೆ ಬರುತ್ತಿದ್ದರು. ಎಂಟನೇ ವಾರದ ಹೊತ್ತಿಗೆ ನಿದ್ದೆ ಸರಿಯಾಗಿತ್ತು, ಭೇಟಿಯನ್ನು ಎರಡು ವಾರಕ್ಕೊಮ್ಮೆ ಮಾಡಿಕೊಂಡೆವು. ಹನ್ನೊಂದನೇ ವಾರ ಸಹೋದ್ಯೋಗಿಯ ಫೋನಿನಲ್ಲಿ ಒಂದು ಟ್ರೇಡ್ ಮಾಡಿ ಸೋತರು. ಅದೇ ರಾತ್ರಿ, ಯಾರೂ ಕೇಳುವ ಮೊದಲೇ ಹೆಂಡತಿಗೆ ಹೇಳಿದರು. ಬೆಳಿಗ್ಗೆ ನನಗೂ ಫೋನ್ ಮಾಡಿದರು. ಸಾಲದ ಹಾಳೆಗೆ ಆ ಮೊತ್ತವೂ ಸೇರಿತು, ಭೇಟಿ ಮತ್ತೆ ವಾರಕ್ಕೊಮ್ಮೆ ಆಯಿತು.