ಸುಗ್ಗಿಯ ನಾಲ್ಕು ಭಾನುವಾರಗಳನ್ನು ಬಿಡಬೇಡಿ

ನಮಸ್ಕಾರ. ಇಂಗ್ಲೆಂಡಿನ ಹಳೆಯ ಭಾನುವಾರದ ಸಂತೆ ನಿಷೇಧದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಈಗಿರುವ ಹಾಗೆ ಹಾಕಲಾರೆವು. ಆದರೆ ಕೈಬಿಡಬೇಡಿ, ಕನ್ನಡದಲ್ಲಿ ಬರಲೇಬೇಕಾದ ವಿಷಯ ಇದು.

‘1448ರ ಕಾಯ್ದೆ ಭಾನುವಾರದ ವ್ಯಾಪಾರವನ್ನೆಲ್ಲ ನಿಲ್ಲಿಸಿತು’ ಎಂದಿದ್ದೀರಿ. ಅದು ತಪ್ಪು. ಆರನೇ ಹೆನ್ರಿಯ ಆ ಕಾಯ್ದೆ ತಡೆದದ್ದು ಸಂತೆ, ಜಾತ್ರೆಗಳಲ್ಲಿ ಸರಕು ಹರವುವುದನ್ನು. ಭಾನುವಾರಗಳ ಜೊತೆಗೆ ಗುಡ್ ಫ್ರೈಡೆ, ಸಕಲ ಸಂತರ ಹಬ್ಬದಂಥ ದಿನಗಳೂ ಅದರಲ್ಲಿದ್ದವು. ಅಗತ್ಯದ ಆಹಾರಕ್ಕೆ ವಿನಾಯಿತಿ ಇತ್ತು, ಸುಗ್ಗಿಯ ನಾಲ್ಕು ಭಾನುವಾರಗಳಿಗೂ ಇತ್ತು. ಲೇಖನದ ಜೀವ ಇರುವುದೇ ಈ ನಾಲ್ಕು ಭಾನುವಾರಗಳಲ್ಲಿ, ನೀವು ಅವನ್ನೇ ಬಿಟ್ಟಿದ್ದೀರಿ! ವಾರದ ಆರು ದಿನವೂ ಕೊಯ್ಲಿನಲ್ಲಿರುವವರು ಇನ್ಯಾವಾಗ ಸಂತೆಗೆ ಹೋಗಬೇಕು? ಆ ವಿನಾಯಿತಿ ಹೋದದ್ದು 1850ರಲ್ಲಿ, ಅದಕ್ಕೆಂದೇ ತಂದ ಇನ್ನೊಂದು ಕಾಯ್ದೆಯಿಂದ. ಮೂಲ ಕಾಯ್ದೆ 1969ರವರೆಗೂ ಉಳಿಯಿತು.

ಶಿಕ್ಷೆ ‘ಸೆರೆವಾಸ’ ಅಲ್ಲ. ಹರವಿದ ಸರಕೇ ಮುಟ್ಟುಗೋಲಾಗಿ, ಸಂತೆಯ ಹಕ್ಕುಳ್ಳ ಒಡೆಯನಿಗೆ ಸೇರುತ್ತಿತ್ತು. ಹಬ್ಬದ ದಿನ ಬಿಟ್ಟರೆ ಬೇರೆ ದಿನದ ಹಕ್ಕೇ ಇಲ್ಲದ ಒಡೆಯರು ಮೊದಲೇ ಡಂಗುರ ಸಾರಿಸಿ, ಹಬ್ಬದ ಹಿಂದಿನ ಅಥವಾ ಮುಂದಿನ ಮೂರು ದಿನಗಳೊಳಗೆ ಜಾತ್ರೆ ನಡೆಸಬಹುದಿತ್ತು.

ಹಾಲು, ಬಂಗುಡೆಯ ಮಾತನ್ನು ಇದೇ ಕಾಯ್ದೆಗೆ ಸೇರಿಸಿದ್ದೀರಿ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 4ರ ಮೇಲೆ ಹಾಲು ಕೂಗಿ ಮಾರಬಹುದೆಂದದ್ದು 1677ರ ಕಾಯ್ದೆ. ಬಂಗುಡೆಗೆ ಅವಕಾಶ ಸಿಕ್ಕಿದ್ದು 1698ರದ್ದರಲ್ಲಿ, ಅದೂ ಚರ್ಚಿನ ಆರಾಧನೆಗೆ ಮೊದಲು ಅಥವಾ ಆಮೇಲೆ.

ಒಂದು ಕಡೆ 1448, ಇನ್ನೊಂದು ಕಡೆ 1449 ಎಂದಿದೆ. ಪಾರ್ಲಿಮೆಂಟು ಸೇರಿದ್ದು ನಮ್ಮ ಲೆಕ್ಕದ 1449ರ ಫೆಬ್ರವರಿಯಲ್ಲಿ. ಆಗ ಹೊಸ ವರ್ಷ ಮಾರ್ಚ್ 25ಕ್ಕೆ ಹುಟ್ಟುತ್ತಿದ್ದರಿಂದ ಅವರಿಗದು ಇನ್ನೂ 1448. ಒಂದು ಸಲ ವಿವರಿಸಿ, ಮುಂದೆ 1448 ಎಂದೇ ಇಡಿ.

‘ಮೇಳ’ ಎಂಬ ಪದ ಬೇಡ, ‘ಜಾತ್ರೆ’ ಎನ್ನಿ. ಅಲ್ಲಿಯೂ ಸಂತರ ಹಬ್ಬಕ್ಕೆ ಜನ ಕೂಡಿದ ಕಡೆಯೇ ವ್ಯಾಪಾರ ಕೂಡುತ್ತಿತ್ತು. ನಿಷೇಧ ಹಬ್ಬಗಳನ್ನು ಹೆಸರಿಸಿ ಹೇಳಿದ್ದೇಕೆ ಎಂಬುದು ಆ ಒಂದು ಪದದಿಂದಲೇ ಓದುಗರಿಗೆ ಹೊಳೆಯುತ್ತದೆ.

ಆರಂಭಕ್ಕೆ ಫ್ರಾನ್ಸಿನ ಫ್ಲೇ ಮಠಾಧಿಪತಿ ಯೂಸ್ಟಸ್ ಅವರನ್ನು ತನ್ನಿ. 1200ರ ಆಸುಪಾಸಿನಲ್ಲಿ ಇಂಗ್ಲೆಂಡಿಗೆ ಬಂದು, ಸ್ವರ್ಗದಿಂದ ಇಳಿದ ಪತ್ರವೆಂದು ಒಂದನ್ನು ಮುಂದಿಟ್ಟು ಭಾನುವಾರದ ಸಂತೆಗಳ ವಿರುದ್ಧ ಬೋಧಿಸಿದವರು ಅವರು. ಭಾನುವಾರದ ಅಂಗಡಿ ವ್ಯಾಪಾರದ 1994ರ ಕಾಯ್ದೆಯ ಬಗೆಗಿನ ಎರಡು ಪ್ಯಾರಾ ತೆಗೆದರೆ ಇದಕ್ಕೆಲ್ಲ ಜಾಗ ಸಿಗುತ್ತದೆ.