ಎಲುಬಿನ ಹೆಸರು ಆಮೇಲೆ, ಮಗಳ ಪ್ರಶ್ನೆ ಮೊದಲು

ರೋಣ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಮಗಳು ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಮೊದಲ ವರ್ಷ ಓದುತ್ತಿದ್ದಾಳೆ. ಅನಾಟಮಿ (ದೇಹರಚನೆ), ಫಿಜಿಯಾಲಜಿ (ದೇಹ ಕೆಲಸ ಮಾಡುವ ಬಗೆ) ಎರಡೂ ಒಟ್ಟಿಗೆ ಬಂದು ಹೈರಾಣಾಗಿದ್ದಾಳೆ. ದಿನಾ ರಾತ್ರಿ ಫೋನಿನಲ್ಲಿ ಎಲುಬುಗಳ ಹೆಸರು ಒಪ್ಪಿಸಿಕೊಳ್ಳುತ್ತೇನೆ. ಮೊನ್ನೆ ನಡುವೆಯೇ ನಿಲ್ಲಿಸಿ, 'ಅಪ್ಪಾ, ವಾರ್ಡಿನ್ಯಾಗ ನಿಂತು ನಿಂತು ಸಂಜೀಮುಂದ ಕಾಲು ಬಾತಿರ್ತಾವು, ಅದ್ಯಾಕ?' ಅಂದಳು. 'ಮೊದಲ ಹೆಸರು ಬಾಯಿಪಾಠ ಮಾಡು, ಪ್ರಶ್ನೆ ಆಮ್ಯಾಲೆ ಕೇಳೀಯಂತ' ಎಂದೆ. ಮಗ್ಗಿ ಬಾರದವರಿಗೆ ಲೆಕ್ಕ ಬಂದೀತೇ? ನಾನು ಹೇಳಿದ್ದು ಸರಿಯಲ್ಲವೇ?"

ಮಾಸ್ತರರೇ, ದಿನಾ ರಾತ್ರಿ ಮಗಳ ಪಾಠಕ್ಕೆ ಕಿವಿಗೊಡುವ ತಂದೆ ಎಷ್ಟು ಮಕ್ಕಳಿಗೆ ಸಿಗುತ್ತಾರೆ? ಅದಕ್ಕೆ ಮೊದಲು ನಮಸ್ಕಾರ. ಹೆಸರು ಗೊತ್ತಿರಬೇಕು ಎಂಬುದನ್ನೂ ಒಪ್ಪುತ್ತೇನೆ. ಪೃಷ್ಠಕ್ಕೆ ಇಂಜೆಕ್ಷನ್ ಕೊಡುವಾಗ ಮೇಲಿನ ಹೊರಮಗ್ಗುಲನ್ನೇ ಹಿಡಿಯಬೇಕು. ಸೂಜಿ ಒಳಗಡೆಗೆ ಸರಿದರೆ ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕ್ ನರಕ್ಕೆ ಪೆಟ್ಟು ಬಿದ್ದು ರೋಗಿ ಕಾಲೆಳೆಯುವಂತಾಗಬಹುದು. ಡಾಕ್ಟರು ಫೀಮರ್ (ತೊಡೆಯ ಎಲುಬು) ಎಂದಾಗ ತೋಳಿನ ಕಡೆ ನೋಡುವ ನರ್ಸು ಯಾರಿಗೂ ಬೇಡ. ಅಷ್ಟರಮಟ್ಟಿಗೆ ನಿಮ್ಮ ಮಾತು ಸರಿ.

ಆದರೆ ಮಗಳ ಪ್ರಶ್ನೆಯನ್ನು ನೀವು ಬದಿಗೆ ಸರಿಸಿದ್ದು ಓದಿ ನನಗೆ ಸಂಕಟವಾಯಿತು. ತನ್ನ ಕಾಲನ್ನು ತಾನೇ ನೋಡಿಕೊಂಡು 'ಅದ್ಯಾಕ' ಎಂದು ಕೇಳಿದ ಹುಡುಗಿ ಆ ಗಳಿಗೆಯಲ್ಲಿ ನಿಜವಾದ ಓದಿನಲ್ಲಿದ್ದಳು. ಆ ಪ್ರಶ್ನೆಯ ಬೆನ್ನು ಹತ್ತಿದವರೇ ಈ ಶಾಸ್ತ್ರವನ್ನು ಕಟ್ಟಿದ್ದು.

ಇಟಲಿಯ ಪಾದುವಾದಲ್ಲಿ ಫ್ಯಾಬ್ರೀಶಿಯಸ್ ಎಂಬ ದೊಡ್ಡ ಅನಾಟಮಿ ಪ್ರಾಧ್ಯಾಪಕರಿದ್ದರು. ಕೈಕಾಲಿನ ಅಭಿಧಮನಿ ಎಂಬ ರಕ್ತನಾಳಗಳನ್ನು ಸೀಳಿ ನೋಡಿ, ಒಳಗಿನ ಕವಾಟಗಳನ್ನು ಗುರುತಿಸಿ, 'ಪುಟ್ಟ ಬಾಗಿಲುಗಳು' ಎಂದು ಹೆಸರಿಟ್ಟು, 1603ರಲ್ಲಿ ಅಂದವಾದ ಚಿತ್ರಗಳೊಂದಿಗೆ ಪ್ರಕಟಿಸಿದರು. ಹೆಸರೂ ಇತ್ತು, ಚಿತ್ರವೂ ಇತ್ತು. ಅವು ಮಾಡುವ ಕೆಲಸ ಮಾತ್ರ ಅವರಿಗೆ ತಿಳಿಯಲಿಲ್ಲ. ರಕ್ತವೆಲ್ಲ ಒಮ್ಮೆಗೇ ಕೈಕಾಲಿಗೆ ಇಳಿದು ನಿಲ್ಲದಂತೆ ಅವು ತಡೆಯುತ್ತವೆ ಎಂದುಕೊಂಡರು. ಅದೇ ಪಾದುವಾದಲ್ಲಿ ಓದಿ 1602ರಲ್ಲಿ ಪದವಿ ಪಡೆದ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಅವೇ ಕವಾಟಗಳನ್ನು ನೋಡಿ, ಎಲ್ಲವೂ ಹೃದಯದ ಕಡೆಗೇ ಏಕೆ ತೆರೆದುಕೊಳ್ಳುತ್ತವೆ ಎಂದು ಕೇಳಿದ. ರಕ್ತ ಸುತ್ತುತ್ತದೆ ಎಂಬ ಯೋಚನೆ ಹುಟ್ಟಿದ್ದೇ ಆ ಕವಾಟಗಳ ಜೋಡಣೆ ನೋಡಿ ಎಂದು ಮುಂದೆ ವಯಸ್ಸಾದ ಮೇಲೆ ವಿಜ್ಞಾನಿ ರಾಬರ್ಟ್ ಬಾಯ್ಲ್ ಹತ್ತಿರ ಹೇಳಿಕೊಂಡ.

ಅಲ್ಲಿಯವರೆಗೆ ಎಲ್ಲರೂ ನಂಬಿದ್ದು ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲನ್ ಮಾತನ್ನು: ಉಂಡ ಅನ್ನದಿಂದ ಯಕೃತ್ತು ಹೊಸ ರಕ್ತ ಮಾಡುತ್ತಲೇ ಇರುತ್ತದೆ, ಅಂಗಾಂಗಗಳು ಅದನ್ನು ತೀರಿಸುತ್ತಲೇ ಇರುತ್ತವೆ. ಹಾರ್ವೆ ಲೆಕ್ಕ ಹಾಕಿದ. ಇವತ್ತಿನ ಅಂಕಿಯಲ್ಲಿ ಹೇಳುವುದಾದರೆ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ನೂಕುತ್ತದೆ, ನಿಮಿಷಕ್ಕೆ 70 ಬಡಿತ ಎಂದರೆ ಹತ್ತಿರ ಹತ್ತಿರ 5 ಲೀಟರ್. ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ ಹೆಚ್ಚುಕಡಿಮೆ ಅಷ್ಟೇ. ಯಾರು ಎಷ್ಟು ಉಂಡರೆ ನಿಮಿಷಕ್ಕೆ 5 ಲೀಟರ್ ಹೊಸ ರಕ್ತ ಆದೀತು? ಹೋದದ್ದೇ ತಿರುಗಿ ಬರಬೇಕು. 1628ರಲ್ಲಿ ಅವನು ಇದನ್ನು ಅಚ್ಚು ಹಾಕಿಸಿದ. ಹೃದಯದಿಂದ ರಕ್ತ ಒಯ್ಯುವ ಅಪಧಮನಿಯಿಂದ ಅದನ್ನು ಮರಳಿ ತರುವ ಅಭಿಧಮನಿಗೆ ರಕ್ತ ದಾಟುವ ಲೋಮನಾಳಗಳು ಮಾತ್ರ ಅವನ ಕಣ್ಣಿಗೆ ಬೀಳಲೇ ಇಲ್ಲ. ಅವನು ತೀರಿಕೊಂಡು ನಾಲ್ಕು ವರ್ಷದ ಮೇಲೆ, 1661ರಲ್ಲಿ, ಇಟಲಿಯ ವಿಜ್ಞಾನಿ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಅವನ್ನು ಸೂಕ್ಷ್ಮದರ್ಶಕದ ಕೆಳಗೆ ಕಂಡ.

ಹಾರ್ವೆಯ ಪ್ರಯೋಗವನ್ನು ಮಗಳು ಊರಿಗೆ ಬಂದಾಗ ನಿಮ್ಮ ಪಡಸಾಲೆಯಲ್ಲೇ ಮಾಡಬಹುದು. ಮೇಲ್ತೋಳಿಗೆ ಟವೆಲ್ ಹದವಾಗಿ ಬಿಗಿದರೆ ಮುಂಗೈ ನರಗಳು ಎದ್ದು ಕಾಣುತ್ತವೆ. ನಾವು ನರ ಎನ್ನುವ ಇವೇ ಅಭಿಧಮನಿಗಳು. ಮಣಿಕಟ್ಟಿನ ಹತ್ತಿರ ಒಂದನ್ನು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಅದರ ರಕ್ತವನ್ನು ಮೊಣಕೈ ಕಡೆಗೆ ಸವರಿ, ಸವರಿದ ಬೆರಳು ಎತ್ತಿ. ರಕ್ತ ಕವಾಟದವರೆಗೆ ಬಂದು ನಿಲ್ಲುತ್ತದೆ, ಕೆಳಗಿನ ಭಾಗ ಬರಿದಾಗಿಯೇ ಇರುತ್ತದೆ. ಮಣಿಕಟ್ಟಿನ ಬೆರಳು ಬಿಟ್ಟ ಕೂಡಲೇ ಕೆಳಗಿನಿಂದ ತುಂಬಿಕೊಳ್ಳುತ್ತದೆ. ಇದನ್ನು ತನ್ನ ಕೈಯಲ್ಲಿ ಕಂಡ ಹುಡುಗಿ ಅಭಿಧಮನಿಯ ಕವಾಟವನ್ನು ಮತ್ತೆ ಮರೆಯುವುದುಂಟೇ?

ನನ್ನ ಹೈಸ್ಕೂಲಿನ ವಿಜ್ಞಾನ ಮಾಸ್ತರರು ಸಂತೆಯ ದಿನ ಕುರಿಯ ಹೃದಯ ತರಿಸುತ್ತಿದ್ದರು. ಸಸ್ಯಾಹಾರಿ ಮನೆಯ ಹುಡುಗರಿಗೆ ದೂರ ಕೂರುವ ಸ್ವಾತಂತ್ರ್ಯ ಇತ್ತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಬಾಯಿಗೆ ತಂಬಿಗೆಯಿಂದ ನೀರು ಸುರಿಯುತ್ತಿದ್ದರು. ನೀರು ಕೆಳಗಿಳಿಯದೆ ತುಂಬಿ ನಿಲ್ಲುತ್ತಿತ್ತು, ಕವಾಟ ಮುಚ್ಚಿಕೊಂಡದ್ದು ಕಣ್ಣೆದುರೇ ಕಾಣುತ್ತಿತ್ತು. ದೂರ ಕುಳಿತವರೆಲ್ಲ ಆಗ ಮೇಜಿನ ಸುತ್ತ ಬಂದಿರುತ್ತಿದ್ದರು.

ಅಂಥ ಮಾಸ್ತರರು ಈಗ ಎಲ್ಲಿದ್ದಾರೆ? ಹೋದ ವರ್ಷ ನಮ್ಮ ಭಾಗದ ಒಂದು ಹೈಸ್ಕೂಲಿಗೆ ಹೋಗಿದ್ದೆ. ಅಸ್ಥಿಪಂಜರ ಇದೆ, ಕಪಾಟಿನೊಳಗೆ ಕೀಲಿ ಹಾಕಿ ಇಟ್ಟಿದ್ದಾರೆ. ಕೀಲಿಕೈ ಇದ್ದವರು ರಜೆಯಲ್ಲಿದ್ದರು. ಇನ್ನೊಂದು ಕಡೆ ವಿಜ್ಞಾನ ಪ್ರದರ್ಶನದಲ್ಲಿ ಹೃದಯದ ಮಾದರಿ ಮಾಡಿದ್ದ ಜಾಣ ಹುಡುಗ, ಅಭಿಧಮನಿಯ ರಕ್ತ ನೀಲಿ ಎಂದು ನನಗೆ ವಿವರಿಸಿದ. ಅವನ ತಪ್ಪಲ್ಲ. ಪುಸ್ತಕದ ತುಂಬ ನೀಲಿ ಬಣ್ಣ ಬಳಿದವರಾರೂ ರಕ್ತಪರೀಕ್ಷೆಗೆ ಸಿರಿಂಜಿನಲ್ಲಿ ಬರುವ ಕಡುಗೆಂಪು ರಕ್ತ ಅಭಿಧಮನಿಯದೇ ಎಂದು ಅವನಿಗೆ ಹೇಳಿಲ್ಲ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆಯಾದ ರಕ್ತವೇ ಇರುತ್ತದೆ ಎಂದಾಗ ಅವನ ಮುಖ ಅರಳಿದ್ದು ನೋಡಬೇಕಿತ್ತು.

ಕಾಲೇಜುಗಳಲ್ಲಿ ಸ್ಪಾಟರ್ ಪರೀಕ್ಷೆ ಎಂದು ಮಾಡುತ್ತಾರೆ. ಅಂಗಕ್ಕೊಂದು ಪಿನ್ನು ಚುಚ್ಚಿರುತ್ತಾರೆ, ಹೆಸರು ಬರೆದು ಗಂಟೆ ಬಾರಿಸಿದ ಕೂಡಲೇ ಮುಂದಿನ ಮೇಜಿಗೆ ಹೋಗಬೇಕು. ಅದಕ್ಕಾಗಿಯೇ ಓದುತ್ತಾರೆ, ಅಲ್ಲಿಗೇ ಓದು ಮುಗಿಯುತ್ತದೆ. ಆ ಮೇಜಿನ ಮೇಲಿನ ದೇಹ ಎಷ್ಟೋ ಸಲ ಯಾರೋ ಒಬ್ಬರು ಮನಸಾರೆ ಕೊಟ್ಟದ್ದಿರುತ್ತದೆ. 2010ರಲ್ಲಿ ಬೆಳಗಾವಿಯಲ್ಲಿ ಡಾ. ಮಹಾಂತೇಶ ರಾಮಣ್ಣವರ ತಮ್ಮ ತಂದೆಯ ಇಚ್ಛೆಯಂತೆ ದಾನವಾದ ಅವರ ದೇಹವನ್ನು ತಾವೇ ಛೇದಿಸಿ ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ಅಂಥ ದಾನಕ್ಕೆ ಪ್ರತಿಯಾಗಿ ನಾವು ವಿದ್ಯಾರ್ಥಿಯಿಂದ ಒಂದು ಶಬ್ದದ ಉತ್ತರವನ್ನಷ್ಟೇ ಕೇಳುವುದು ನನಗೆ ಸಹಿಸಲಾಗದ ಸಂಗತಿ.

ಎಲುಬಿನ ವಿಷಯಕ್ಕೇ ಬರೋಣ. ದೊಡ್ಡವರಿಗೆ 206 ಎಂದು ಒಪ್ಪಿಸಿಕೊಳ್ಳುತ್ತೀರಿ. ಹಸುಗೂಸಿಗೆ ಅದಕ್ಕಿಂತ ಹೆಚ್ಚು ಎಲುಬು ಏಕಿರುತ್ತವೆ ಎಂದು ಕೇಳಿದ್ದೀರಾ? ಹಲವು ತುಂಡುಗಳು ಬೆಳೆಯುತ್ತ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ನಿಮ್ಮ ಮನೆಯ ಹಿರಿಯರು ಕೂಸಿನ ನೆತ್ತಿಗೆ ಔಡಲೆಣ್ಣೆ ಹಚ್ಚುವಾಗ ಮೆತ್ತಗೆ ಮಿಡಿಯುವ ಜಾಗ ಕೈಗೆ ಸಿಕ್ಕಿರುತ್ತದೆ. ತಲೆಬುರುಡೆಯ ಫಲಕಗಳು ಇನ್ನೂ ಕೂಡಿರುವುದಿಲ್ಲ. ಹೆರಿಗೆಯಲ್ಲಿ ತಲೆ ಸ್ವಲ್ಪ ಒತ್ತಿಕೊಂಡು ಹೊರಬರಲು, ಆಮೇಲೆ ಮಿದುಳು ಬೆಳೆಯಲು ಆ ಅಂತರ ಬೇಕು. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚುತ್ತದೆ. ಹಾಗೆಯೇ ಮುಂಗೈಯಲ್ಲಿ ಎರಡು ಎಲುಬು ಏಕೆ ಎಂದು ಕೇಳಿ. ಮೊಣಕೈ ಅಲುಗಿಸದೆ ಅಂಗೈಯನ್ನು ಮೇಲೆ ಕೆಳಗೆ ತಿರುವಲಿ: ಹೆಬ್ಬೆರಳ ಕಡೆಯ ರೇಡಿಯಸ್ಸು ಅಲ್ನಾದ ಮೇಲೆ ಹಾಯ್ದು ಹೋಗುವುದು ಇನ್ನೊಂದು ಕೈಗೆ ತಾಗುತ್ತದೆ. ರೊಟ್ಟಿ ತಿರುವಿ ಹಾಕಲು ಆಗುವುದು ಅದರಿಂದಲೇ. ಹೀಗೆ ಕಲಿತ ಮೇಲೆ ಎರಡೂ ಹೆಸರು ಅದಲುಬದಲಾಗುವುದಿಲ್ಲ.

ಇನ್ನು ಮಗಳಿಗೆ ಕೊಡಬೇಕಾದ ಉತ್ತರ. ಅಲುಗದೆ ನಿಂತಾಗ ಹೃದಯದಿಂದ ಪಾದದವರೆಗಿನ ರಕ್ತದ ಭಾರವೆಲ್ಲ ಪಾದದ ಅಭಿಧಮನಿಗಳ ಮೇಲೆ ಬೀಳುತ್ತದೆ, ಅಲ್ಲಿಯ ಒತ್ತಡ ಪಾದರಸದ ಅಳತೆಯಲ್ಲಿ ಸುಮಾರು 90 ಮಿಲಿಮೀಟರಿಗೆ ಏರುತ್ತದೆ. ಆ ಒತ್ತಡಕ್ಕೆ ಲೋಮನಾಳಗಳಿಂದ ನೀರಿನಂಶ ಹೊರಗೆ ಜಿನುಗಿ ಸುತ್ತಲಿನ ಊತಕದಲ್ಲಿ ನಿಲ್ಲುತ್ತದೆ. ಅದೇ ಬಾವು. ನಡೆದಾಗ ಮೀನಖಂಡದ ಸ್ನಾಯು ಒಳಗಿನ ಅಭಿಧಮನಿಯನ್ನು ಹಿಂಡುತ್ತದೆ, ಕವಾಟ ಇರುವುದರಿಂದ ರಕ್ತ ಮೇಲಕ್ಕೇ ಹೋಗಬೇಕು. ಆರೋಗ್ಯವಂತರಲ್ಲಿ ಒತ್ತಡ 30ರ ಆಚೀಚೆಗೆ ಇಳಿಯುತ್ತದೆ. ಆದ್ದರಿಂದ ಡ್ಯೂಟಿಯ ನಡುವೆ ನಾಲ್ಕು ಹೆಜ್ಜೆ ಓಡಾಡಲಿ, ಅದಾಗದಿದ್ದರೆ ನಿಂತಲ್ಲೇ ತುದಿಗಾಲಿನ ಮೇಲೆ ಏರಿ ಇಳಿಯಲಿ, ರಾತ್ರಿ ಕಾಲ ಕೆಳಗೆ ದಿಂಬು ಇಟ್ಟು ಮಲಗಲಿ. ಬೆಳಗಾದರೂ ಬಾವು ಇಳಿಯದಿದ್ದರೆ ಡಾಕ್ಟರಿಗೆ ತೋರಿಸಲಿ. ಒಂದೇ ಕಾಲು ಬಾತು ಮೀನಖಂಡ ನೋಯುತ್ತಿದ್ದರೆ ಅಥವಾ ಉಸಿರು ಕಟ್ಟಿದಂತಾದರೆ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಸಂಭವ ಇರುತ್ತದೆ, ಆಗ ಮರುದಿನಕ್ಕೆಂದು ಬಿಡಬಾರದು. ಇವತ್ತು ರಾತ್ರಿ ಫೋನು ಮಾಡಿದಾಗ ಮೊದಲು ಇದನ್ನು ಹೇಳಿ.