ಒತ್ತುವ ಕೀಲಿಯೇ ತನ್ನ ಕೆಲಸ ಹೇಳಿದರೆ

ಪ್ರಶ್ನೆ: ನಾನು ಭಾಷಾಂತರದ ಕೆಲಸ ಮಾಡುತ್ತೇನೆ. ದಿನಕ್ಕೆ ಹತ್ತಾರು ಬಾರಿ ಕೀಲಿಮಣೆಯನ್ನು ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ಬದಲಿಸಿಕೊಳ್ಳಬೇಕಾಗುತ್ತದೆ. ಪ್ರತಿ ಕೀಲಿಯಲ್ಲೂ ಪುಟ್ಟ ಪರದೆಯಿದ್ದು, ನಮಗೆ ಬೇಕಾದ ಅಕ್ಷರವನ್ನೋ ಚಿತ್ರವನ್ನೋ ತೋರಿಸುವ ಕೀಲಿಮಣೆಗಳಿವೆ ಎಂದು ತಿಳಿದಾಗಿನಿಂದ ನನ್ನ ಮನಸ್ಸೆಲ್ಲ ಅದರ ಮೇಲೆಯೇ ಇದೆ. ಅದು ನಿಜವಾಗಿ ಕೆಲಸಕ್ಕೆ ಬರುತ್ತದೆಯೇ, ಅಥವಾ ನೋಡಲಿಕ್ಕಷ್ಟೇ ಚೆಂದವೇ?

ಉತ್ತರ: ನಿಮ್ಮ ಆಸೆ ಸಹಜವಾದದ್ದು. ಸಾಮಾನ್ಯ ಕೀಲಿಮಣೆಯ ಮೇಲಿನ ಅಕ್ಷರಗಳು ಕಾರ್ಖಾನೆಯಲ್ಲಿ ಒಮ್ಮೆ ಅಚ್ಚಾದವು. ಆದರೆ ಕೀಲಿ ಮಾಡುವ ಕೆಲಸ ಗಳಿಗೆಗೊಮ್ಮೆ ಬದಲಾಗುತ್ತದೆ. ಭಾರತೀಯ ಭಾಷೆಗಳಿಗಾಗಿ ರೂಪಿಸಿದ ಇನ್‌ಸ್ಕ್ರಿಪ್ಟ್ ಎಂಬ ಕೀಲಿ ವಿನ್ಯಾಸದಲ್ಲಿ ಬರೆಯುವಾಗ ಇಂಗ್ಲಿಷಿನ ‘ಕೆ’ ಇರುವ ಕೀಲಿಯನ್ನು ಒತ್ತಿದರೆ ‘ಕ’ ಮೂಡುತ್ತದೆ, ಶಿಫ್ಟ್ ಹಿಡಿದು ಒತ್ತಿದರೆ ‘ಖ’. ಇದೇನೋ ಊಹೆಗೆ ನಿಲುಕುತ್ತದೆ. ಆದರೆ ಪಕ್ಕದ ‘ಎಲ್’ ಕೀಲಿಯಲ್ಲಿ ‘ತ’ ಇರುವುದನ್ನೂ ‘ಎಚ್’ ಕೀಲಿಯಲ್ಲಿ ‘ಪ’ ಇರುವುದನ್ನೂ ಬಾಯಿಪಾಠ ಮಾಡದೆ ತಿಳಿಯುವ ದಾರಿಯಿಲ್ಲ. ಕೀಲಿಯಲ್ಲೇ ಪರದೆಯಿದ್ದರೆ, ಕನ್ನಡಕ್ಕೆ ಬಂದೊಡನೆ ಇಡೀ ಮಣೆ ಕನ್ನಡವಾಗುತ್ತದೆ, ಶಿಫ್ಟ್ ಒತ್ತಿದ ಮರುಕ್ಷಣ ‘ಕ’ ಇದ್ದಲ್ಲಿ ‘ಖ’ ಬರುತ್ತದೆ, ಚಿತ್ರ ತಿದ್ದುವ ತಂತ್ರಾಂಶವನ್ನು ತೆರೆದರೆ ಅದೇ ಜಾಗದಲ್ಲಿ ಕುಂಚವೋ ಕತ್ತರಿಯೋ ಕಾಣಿಸುತ್ತದೆ. ನೆನಪಿನ ಮೇಲೆ ಬೀಳುವ ಹೊರೆಯನ್ನು ಕಣ್ಣಿಗೆ ವಹಿಸುವುದರಲ್ಲೇ ಇದರ ಸೆಳೆತವಿದೆ.

ಈ ಕನಸನ್ನು ಜಗತ್ತಿನ ಮುಂದೆ ಎದ್ದು ಕಾಣುವಂತೆ ಇಟ್ಟದ್ದು ಮಾಸ್ಕೋದ ಆರ್ಟೆಮಿ ಲೆಬೆದೆವ್ ಅವರ ವಿನ್ಯಾಸ ಸಂಸ್ಥೆ. 2005ರಲ್ಲಿ ಅದು ಬಿಡುಗಡೆ ಮಾಡಿದ ಆಪ್ಟಿಮಸ್ ಕೀಲಿಮಣೆಯ ಕಲ್ಪನಾಚಿತ್ರಗಳನ್ನು ನೋಡಿ ಬೆರಗಾದವರಲ್ಲಿ ನಾನೂ ಒಬ್ಬ. ರಷ್ಯನ್ ಮತ್ತು ಲ್ಯಾಟಿನ್ ಲಿಪಿಗಳೆರಡನ್ನೂ ಒಂದೇ ಕೀಲಿಯ ಮೇಲೆ ಅಚ್ಚು ಹಾಕಿಕೊಂಡು ಬಳಸುವ ನಾಡಿನಲ್ಲಿ ಇಂಥ ಯೋಚನೆ ಹುಟ್ಟಿದ್ದು ಆಕಸ್ಮಿಕವಲ್ಲ ಎಂದೇ ನನ್ನ ಭಾವನೆ. ಆ ಚಿತ್ರಗಳು ಆಪ್ಟಿಮಸ್ ಮ್ಯಾಕ್ಸಿಮಸ್ ಎಂಬ ವಸ್ತುವಾಗಿ ಕೊಳ್ಳುವವರ ಕೈ ಸೇರುವಷ್ಟರಲ್ಲಿ 2008 ಬಂದಿತ್ತು. ಅದರಲ್ಲಿ 113 ಕೀಲಿಗಳು. ಒಂದೊಂದರಲ್ಲೂ 48 ಅಡ್ಡ, 48 ಉದ್ದ ಪಿಕ್ಸೆಲ್‌ಗಳ ಒಎಲ್‌ಇಡಿ ಪರದೆ, ಅಂದರೆ ಪ್ರತಿ ಚುಕ್ಕೆಯೂ ತಾನೇ ಬೆಳಗುವ ಪರದೆ. ಬೆಲೆ 1,500 ಡಾಲರಿಗೂ ಹೆಚ್ಚು. ಪರದೆಗಳು ಅಲುಗಾಡದೆ ನಿಂತಿದ್ದವು, ಅವುಗಳ ಮೇಲಿನ ಪಾರದರ್ಶಕ ಟೊಪ್ಪಿ ಮಾತ್ರ ಕೆಳಗೆ ಇಳಿದು ಮೇಲೇಳುತ್ತಿತ್ತು. ಜಾಣ ಉಪಾಯವೇ ಸರಿ. ಆದರೂ ಕೀಲಿಗಳನ್ನು ಒತ್ತುವುದು ಬೆರಳಿಗೆ ತ್ರಾಸ ಎಂಬ ದೂರು ಅದನ್ನು ಬಳಸಿ ನೋಡಿದವರಿಂದ ಬಂತು. ಅದೇ ಸಂಸ್ಥೆ 2012ರಲ್ಲಿ ಹೊರತಂದ ಪಾಪ್ಯುಲಾರಿಸ್‌ನಲ್ಲಿ ಬಿಡಿ ಪರದೆಗಳ ಬದಲು ಎಲ್ಲ ಕೀಲಿಗಳ ಅಡಿಯಲ್ಲಿ ಒಂದೇ ಎಲ್‌ಸಿಡಿಯನ್ನು ಹಾಸಲಾಯಿತು. ಆದರೂ ಬೆಲೆ ಸಾವಿರ ಡಾಲರಿನ ಕೆಳಗೆ ಇಳಿಯಲಿಲ್ಲ.

ಬೆಲೆಗಿಂತ ದೊಡ್ಡ ತೊಡಕು ಇನ್ನೊಂದಿದೆ. ಬರೆದು ಪಳಗಿದ ಕೈ ಕೀಲಿಮಣೆಯನ್ನು ನೋಡುವುದೇ ಇಲ್ಲ. ನೀವು ಒಂದು ವಾಕ್ಯವನ್ನು ಬೆರಳಚ್ಚಿಸುವಾಗ ನಿಮ್ಮ ಕಣ್ಣು ಮೂಲದ ಮೇಲಿರುತ್ತದೆ, ಇಲ್ಲವೇ ಕಂಪ್ಯೂಟರಿನ ಪರದೆಯ ಮೇಲಿರುತ್ತದೆ. ಕೀಲಿಯಲ್ಲಿ ‘ಪ’ ಎಷ್ಟು ಸ್ಫುಟವಾಗಿ ಹೊಳೆದರೂ ಅದನ್ನು ಕಾಣುವವರು ಯಾರು? ಹೊಸ ವಿನ್ಯಾಸವನ್ನು ಕಲಿಯುವ ಕೆಲವು ವಾರ ಅದು ಆಸರೆಯಾದೀತು, ಆಮೇಲೆ ಬೆರಳೇ ದಾರಿ ಕಂಡುಕೊಳ್ಳುತ್ತದೆ. ಆಗ ಬೇಕಾಗುವುದು ಹಗುರವಾಗಿ, ಹಿತವಾಗಿ ಇಳಿಯುವ ಕೀಲಿಯೇ ಹೊರತು ಬೆಳಗುವ ಕೀಲಿಯಲ್ಲ.

ಹಾಗಾದರೆ ಪರದೆಯಿರುವ ಕೀಲಿ ವ್ಯರ್ಥವೇ? ಖಂಡಿತ ಅಲ್ಲ. ಬೆರಳಿಗೆ ಅಭ್ಯಾಸವಾಗದಷ್ಟು ಅಪರೂಪಕ್ಕೆ ಬೇಕಾಗುವ, ಆದರೆ ಬೇಕಾದಾಗ ತಡಮಾಡದೆ ಸಿಗಬೇಕಾದ ಆದೇಶಗಳಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. 2017ರಲ್ಲಿ ಎಲ್ಗಾಟೊ ಕಂಪನಿ ತಂದ ಸ್ಟ್ರೀಮ್ ಡೆಕ್ ಎಂಬ ಪುಟ್ಟ ಫಲಕದಲ್ಲಿ ಅಕ್ಷರದ ಕೀಲಿಗಳೇ ಇರಲಿಲ್ಲ, ಇದ್ದದ್ದು ಚಿತ್ರ ತೋರಿಸುವ 15 ಕೀಲಿಗಳು ಮಾತ್ರ. ನೇರಪ್ರಸಾರ ಮಾಡುವ ಗೆಳೆಯರೊಬ್ಬರ ಪಕ್ಕದಲ್ಲಿ ಕುಳಿತು ಅಂಥದೊಂದು ಫಲಕವನ್ನು ನೋಡಿದ್ದೇನೆ. ಮೈಕಿನ ಚಿತ್ರವಿದ್ದ ಕೀಲಿಯನ್ನು ಅವರು ಒತ್ತಿದೊಡನೆ ಆ ಚಿತ್ರದ ಮೇಲೆ ಕೆಂಪು ಗೆರೆ ಬಿತ್ತು. ಮಾತು ಹೊರಗೆ ಹೋಗುತ್ತಿಲ್ಲ ಎಂಬುದು ಒತ್ತಿದ ಜಾಗದಲ್ಲೇ ಖಚಿತವಾಯಿತು. ಏನು ಮಾಡಬಲ್ಲೆ ಎಂಬುದರ ಜೊತೆಗೆ ಈಗ ಯಾವ ಸ್ಥಿತಿಯಲ್ಲಿದ್ದೇನೆ ಎಂಬುದನ್ನೂ ಕೀಲಿಯೇ ಹೇಳುತ್ತಿತ್ತು. ಅಚ್ಚಾದ ಅಕ್ಷರಕ್ಕೆ ಇದು ಎಂದಿಗೂ ಸಾಧ್ಯವಿಲ್ಲ.

ಆದ್ದರಿಂದ ಬರವಣಿಗೆಗೆ ಒಳ್ಳೆಯ ಸಾಮಾನ್ಯ ಕೀಲಿಮಣೆಯನ್ನೇ ಉಳಿಸಿಕೊಂಡು, ಅದರ ಪಕ್ಕದಲ್ಲಿ ಆರೋ ಹದಿನೈದೋ ಕೀಲಿಗಳ ಪುಟ್ಟ ಫಲಕವನ್ನು ಇಟ್ಟುಕೊಳ್ಳಿ. ಒಂದು ಕೀಲಿ ನಿಘಂಟನ್ನು ತೆರೆಯಲಿ, ಇನ್ನೊಂದು ನೀವು ಪದೇ ಪದೇ ಬಳಸುವ ಪಾರಿಭಾಷಿಕ ಪದವನ್ನು ಸೇರಿಸಲಿ. ಮತ್ತೊಂದನ್ನು ಭಾಷೆ ಬದಲಿಸುವುದಕ್ಕೆ ಮೀಸಲಿಟ್ಟು, ಸದ್ಯ ಇರುವ ಭಾಷೆಯ ಗುರುತು ಅದರಲ್ಲಿ ಕಾಣುವಂತೆ ಹೊಂದಿಸಿಕೊಳ್ಳಿ. ಅರ್ಧ ಸಾಲು ಬರೆದ ಮೇಲೆ ‘ಅಯ್ಯೋ, ಇಂಗ್ಲಿಷಿನಲ್ಲೇ ಇದ್ದೆ’ ಎಂದು ಅಳಿಸುವ ಗೋಳು ತಪ್ಪುತ್ತದೆ.

ಪ್ರಶ್ನೆ: ಕೀಲಿಗಳ ಬದಲು ಸ್ಪರ್ಶಪರದೆಯನ್ನೇ ಇಟ್ಟರೆ ಇದೆಲ್ಲ ಇನ್ನೂ ಸುಲಭವಲ್ಲವೇ?

ಉತ್ತರ: ತಯಾರಿಸುವವರಿಗೆ ಸುಲಭ, ಬೆರಳಿಗಲ್ಲ. ಆಪಲ್ 2016ರಲ್ಲಿ ತನ್ನ ಮ್ಯಾಕ್‌ಬುಕ್ ಪ್ರೊ ಕಂಪ್ಯೂಟರುಗಳಲ್ಲಿ ಮೇಲಿನ ಸಾಲಿನ ಕೀಲಿಗಳನ್ನು ತೆಗೆದು ಟಚ್ ಬಾರ್ ಎಂಬ ಸ್ಪರ್ಶಪಟ್ಟಿಯನ್ನು ಇಟ್ಟಿತು. ಅದರಲ್ಲಿ ಚಿತ್ರಗಳು ಬೇಕಾದಂತೆ ಬದಲಾಗುತ್ತಿದ್ದವು, ಆದರೆ ಕೀಲಿಯ ಅಂಚು ಬೆರಳಿಗೆ ತಾಗುತ್ತಿರಲಿಲ್ಲ, ಒತ್ತಿದ ಅರಿವೂ ಆಗುತ್ತಿರಲಿಲ್ಲ. ಹಾಗಾಗಿ ಪ್ರತಿ ಬಾರಿಯೂ ತಲೆ ತಗ್ಗಿಸಿ ನೋಡಲೇಬೇಕಿತ್ತು. 2021ರ 14 ಮತ್ತು 16 ಇಂಚಿನ ಮಾದರಿಗಳಲ್ಲಿ ಆ ಸಾಲಿಗೆ ನಿಜವಾದ ಕೀಲಿಗಳೇ ಮರಳಿ ಬಂದವು.